ಚುನಾವಣೆ ಮುಗಿದ ಮೇಲೆ ಹೇಳೋಣ

ಶಿಷ್ಯನೊಬ್ಬ ಗುರುಗಳ ಎದುರು ಕುಳಿತು ಕೇಳಿದ: “ಗುರುಗಳೇ, ನಮ್ಮೂರ ಶಾಲೆಯ ಸಮಿತಿಗೆ ನಿಲ್ಲು ಎಂದು ಜನ ಒತ್ತಾಯ ಮಾಡುತ್ತಿದ್ದಾರೆ. ನಾನೂ ಒಪ್ಪಿದ್ದೇನೆ. ಒಂದು ಸಂಶಯ ಮಾತ್ರ ಉಳಿದಿದೆ. ಶಾಲೆಯ ಹೊಣೆ ಹೊತ್ತವನು ಊರವರಿಗೆ ಎಲ್ಲವನ್ನೂ ಹೇಳಲೇಬೇಕೇ? ಕೆಲವು ಮಾತುಗಳನ್ನು ತಕ್ಕ ಕಾಲ ಬರುವವರೆಗೆ ತಡೆದುಕೊಳ್ಳಬಾರದೇ?”

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ, “ಒಬ್ಬ ವ್ಯಾಪಾರಿಗೆ ಆದದ್ದನ್ನು ಹೇಳುತ್ತೇನೆ, ಕೇಳು ತಮ್ಮಾ” ಎಂದರು.

ಬಯಲುಸೀಮೆಯ ಒಂದು ಊರಿನಲ್ಲಿ ಊರವರೇ ಸೇರಿ ಕಟ್ಟಿಸಿದ ಶಾಲೆಯಿತ್ತು. ಅದನ್ನು ನಡೆಸಲು ಒಂದು ಸಮಿತಿಯಿತ್ತು. ಕೆಲವು ವರ್ಷಗಳಿಗೊಮ್ಮೆ ಊರವರು ಮತ ಹಾಕಿ ಅದರ ಅಧ್ಯಕ್ಷನನ್ನು ಆರಿಸುತ್ತಿದ್ದರು. ಬಹಳ ಕಾಲದಿಂದ ಒಬ್ಬ ಜಮೀನುದಾರನೇ ಆ ಜಾಗದಲ್ಲಿದ್ದ. ಅವನು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಏಳನೆಯ ತರಗತಿಯನ್ನು ಮುಚ್ಚಿದ ಸಂಗತಿ ತಂದೆತಾಯಿಗಳಿಗೆ ಗೊತ್ತಾದದ್ದು, ಮಕ್ಕಳು ಪಾಟಿಚೀಲ ಹೊತ್ತುಕೊಂಡು ಹೋಗಿ ಕೋಣೆಗೆ ಬೀಗ ಬಿದ್ದಿರುವುದನ್ನು ನೋಡಿ ಮರಳಿ ಬಂದಾಗ. ಕೇಳಲು ಹೋದವರಿಗೆ, ಶಾಲೆಯ ವಿಚಾರವನ್ನು ಶಾಲೆಯವರಿಗೆ ಬಿಡಿ ಎಂಬ ಉತ್ತರ ಸಿಕ್ಕಿತು.

ಅದೇ ಸಮಿತಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿ ಸದಸ್ಯನಾಗಿದ್ದ. ವಯಸ್ಸಾದವನು, ಮೃದು ಮಾತಿನವನು. ಊರಿನ ಸಿಟ್ಟು ಅವನಿಗೆ ಅರ್ಥವಾಯಿತು. ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಾನೇ ನಿಲ್ಲುತ್ತೇನೆ ಎಂದ. ಓಣಿ ಓಣಿಗೆ ಹೋದ. ಕುಂಬಾರರ ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತ, ಬಡಿಗರ ಓಣಿಯಲ್ಲಿ ನೆಲದ ಮೇಲೆ ಕುಳಿತ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದನ್ನೂ ಕಿವಿಗೊಟ್ಟು ಕೇಳಿದ. ಶಾಲೆಯ ಕುಡಿಯುವ ನೀರಿನ ಹಂಡೆಗೆ ಮುಚ್ಚಳವಿಲ್ಲ ಎಂದು ಒಬ್ಬಳು ಹೇಳಿದರೆ ಮರುದಿನವೇ ಮುಚ್ಚಳ ಮಾಡಿಸಿದ. ಎಲ್ಲ ಕಡೆಯೂ ಅವನು ಕೊಟ್ಟ ಮಾತು ಒಂದೇ. ಮಕ್ಕಳು ನಿಮ್ಮವು, ಶಾಲೆಯಲ್ಲಿ ನಡೆಯುವ ಯಾವುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಅವನು ಮತಕ್ಕಾಗಿ ಹಾಗೆ ಹೇಳಿದ ಎಂದು ನೀನು ತಿಳಿಯಬೇಡ. ಅವನು ಅದನ್ನು ನಂಬಿದ್ದ. ತನ್ನ ಒಬ್ಬಳೇ ಮೊಮ್ಮಗಳನ್ನು ಬೇರೆ ಊರಿನ ದೊಡ್ಡ ಶಾಲೆಗೆ ಕಳಿಸುವ ಶಕ್ತಿ ಅವನಿಗಿತ್ತು. ಆದರೂ ಊರ ಶಾಲೆಗೇ ಕಳಿಸುತ್ತಿದ್ದ. ಅವಳ ಹೆಸರು ಸುಗಲಾ. ಮೂರನೆಯ ತರಗತಿಯಲ್ಲಿ ಓದುತ್ತಿದ್ದಳು.

ಮತದಾನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಶಾಲೆಯ ಹೆಡ್‌ಮಾಸ್ತರ ವ್ಯಾಪಾರಿಯ ಅಂಗಡಿಗೆ ಬಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆಲ್ಲ ಹೋಗುವವರೆಗೆ ಕಾದು ನಿಂತು ಆಮೇಲೆ ಮಾತು ತೆಗೆದ. ಶಾಲೆಯ ಹಿಂದೆ ಒಂದು ಬೀದಿನಾಯಿ ಮರಿ ಹಾಕಿತ್ತು. ಮಕ್ಕಳು ತಮ್ಮ ಬುತ್ತಿಯ ರೊಟ್ಟಿ ಹಾಕಿ ಒಂದು ಮರಿಯನ್ನು ಸಾಕಿಕೊಂಡಿದ್ದರು. ಆ ಮರಿ ಮೂರ್ನಾಲ್ಕು ದಿನಗಳಿಂದ ಬೇರೆ ರೀತಿ ಆಡುತ್ತಿತ್ತು. ಸುಮ್ಮನೆ ಗೋಡೆಯನ್ನು ಕಚ್ಚುತ್ತಿತ್ತು, ಬಾಯಲ್ಲಿ ಜೊಲ್ಲು ಸುರಿಸುತ್ತಿತ್ತು. ಹಿಂದಿನ ದಿನ ಸತ್ತುಹೋಗಿತ್ತು. ಅದು ಹುಚ್ಚು ನಾಯಿಯ ಲಕ್ಷಣ ಎಂದು ಹೆಡ್‌ಮಾಸ್ತರ ಹೇಳಿದ. ಯಾವ ಮಗುವಿಗಾದರೂ ಹಲ್ಲು ತಾಗಿದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ. ಆದ್ದರಿಂದ ಮನೆಮನೆಗೆ ತಿಳಿಸುವುದು ಒಳ್ಳೆಯದು ಎಂದ.

ವ್ಯಾಪಾರಿ ಬೆಚ್ಚಿದ. ಯಾರಿಗಾದರೂ ಕಚ್ಚಿದೆಯೇ ಎಂದು ಕೇಳಿದ.

ಮಕ್ಕಳನ್ನೆಲ್ಲ ನಿಲ್ಲಿಸಿ ಕೇಳಿದ್ದೇನೆ, ಯಾರೂ ಕೈ ಎತ್ತಲಿಲ್ಲ ಎಂದು ಹೆಡ್‌ಮಾಸ್ತರ ಹೇಳಿದ. ಕೇಳುವಾಗ ತನ್ನ ಕೈಯಲ್ಲಿ ಬೆತ್ತವಿತ್ತು ಎಂಬುದನ್ನು ಅವನು ಹೇಳಲಿಲ್ಲ. ನಾಯಿಯನ್ನು ಮುಟ್ಟಿದವರಿಗೆ ಏಟು ಎಂದು ಹಿಂದೆಯೇ ಹೇಳಿಟ್ಟಿದ್ದನ್ನೂ ಹೇಳಲಿಲ್ಲ.

ವ್ಯಾಪಾರಿಗೆ ಜೀವ ಬಂದಂತಾಯಿತು. ಕುಳಿತು ಯೋಚಿಸಿದ. ಯಾರಿಗೂ ಕಚ್ಚಿಲ್ಲ. ಈಗ ಸುದ್ದಿ ಹೊರಬಿದ್ದರೆ ತಾಯಂದಿರು ಮಕ್ಕಳನ್ನು ಶಾಲೆ ಬಿಡಿಸುತ್ತಾರೆ. ಜಮೀನುದಾರ ಇದನ್ನೇ ಹಿಡಿದುಕೊಂಡು ಓಣಿ ಓಣಿಗೆ ಹೋಗುತ್ತಾನೆ. ಶಾಲೆ ಮತ್ತೆ ಅವನ ಕೈಗೆ ಹೋಗುತ್ತದೆ, ಮತ್ತೆ ಎಲ್ಲ ಬಾಗಿಲೂ ಮುಚ್ಚುತ್ತವೆ. ಊರಿಗೆ ಒಳ್ಳೆಯದಾಗಬೇಕಾದರೆ ನಾಲ್ಕು ದಿನ ತಾಳಬೇಕು.

“ಚುನಾವಣೆ ಮುಗಿದ ಮೇಲೆ ಹೇಳೋಣ, ಮಾಸ್ತರ” ಎಂದ. “ನಾನೇ ಹೇಳತೀನಿ.”

ಹೆಡ್‌ಮಾಸ್ತರ ಏನೋ ಹೇಳಲು ಬಾಯಿ ತೆರೆದ. ನಾಳೆ ಅಧ್ಯಕ್ಷನಾಗುವವನು ಎದುರಿಗಿದ್ದ. ಅವನು ಬಾಯಿ ಮುಚ್ಚಿಕೊಂಡು ಹೋದ.

ಆದರೆ ಮಕ್ಕಳ ಬಾಯಿ ಇತ್ತಲ್ಲ. ವ್ಯಾಪಾರಿ ಅಂದೇ ಶಾಲೆಗೆ ಹೋದ. ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ಪ್ರೀತಿಯಿಂದ ಮಾತಾಡಿದ. ನಾಯಿಮರಿ ಸತ್ತದ್ದಕ್ಕೆ ಅಳುತ್ತಿದ್ದವರನ್ನು ಸಮಾಧಾನ ಮಾಡಿದ. ಆಮೇಲೆ, ಈ ನಾಯಿಯ ಮಾತನ್ನು ಮನೆಯಲ್ಲಿ ಯಾರ ಮುಂದೆಯೂ ಎತ್ತಬೇಡಿ, ನಿಮ್ಮ ಅವ್ವಂದಿರು ಸುಮ್ಮನೆ ಹೆದರುತ್ತಾರೆ, ಹೇಳದೆ ಇದ್ದವರೇ ಜಾಣರು ಎಂದ. ಎಲ್ಲರ ಕೈಗೂ ಪೆಪ್ಪರಮಿಂಟು ಕೊಟ್ಟ. ಮಕ್ಕಳು ತಲೆಯಾಡಿಸಿದರು. ಆ ಸಾಲಿನಲ್ಲಿ ಸುಗಲಾ ಕೂಡ ಕುಳಿತಿದ್ದಳು. ಎಲ್ಲರಂತೆ ಅವಳೂ ಕೈ ಚಾಚಿ ತೆಗೆದುಕೊಂಡಳು.

ಮತದಾನವಾಯಿತು. ವ್ಯಾಪಾರಿ ಗೆದ್ದ. ಜಮೀನುದಾರನಿಗೆ ಅವನ ಓಣಿಯವರೂ ಮತ ಹಾಕಿರಲಿಲ್ಲ.

ಗೆದ್ದ ದಿನ ಹೇಳುವುದೆಂದಿದ್ದ. ಅಂದು ಜನ ಅವನನ್ನು ಹಾರ ಹಾಕಿ ಕರೆದೊಯ್ದರು, ಮುದುಕಿಯೊಬ್ಬಳು ಬಂದು ದೃಷ್ಟಿ ತೆಗೆದಳು. ಆ ಹೊತ್ತಿನಲ್ಲಿ ಆ ಮಾತು ಬಾಯಿಗೆ ಬರಲಿಲ್ಲ. ಮರುದಿನ ಹೇಳಬೇಕೆಂದಿದ್ದ. ಮರುದಿನ ಅವನಿಗೆ ಬೇರೊಂದು ಯೋಚನೆ ಬಂತು. ಈಗ ಹೇಳಿದರೆ, ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಏನು ಉತ್ತರ ಕೊಡುವುದು? ಮಕ್ಕಳೆಲ್ಲ ಚೆನ್ನಾಗಿಯೇ ಇದ್ದರು. ಅಂಗಳದಲ್ಲಿ ಓಡಾಡುತ್ತಿದ್ದರು. ಇಷ್ಟು ದಿನ ಏನೂ ಆಗಲಿಲ್ಲ, ಇನ್ನು ಏನಾಗುತ್ತದೆ ಎಂದುಕೊಂಡ. ಹೇಳಬೇಕಾದ ಮಾತು ದಿನ ಕಳೆದಂತೆ ಭಾರವಾಯಿತು. ಭಾರವಾದಷ್ಟೂ ಎತ್ತುವುದು ಕಷ್ಟವಾಯಿತು.

ಉಳಿದೆಲ್ಲದರಲ್ಲಿ ಅವನು ಕೊಟ್ಟ ಮಾತನ್ನು ಉಳಿಸಿಕೊಂಡ. ಶಾಲೆಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ನಿಲ್ಲಿಸಿದ. ಯಾವ ಮಾಸ್ತರ ಬಂದಿದ್ದಾನೆ, ಯಾವನು ರಜೆ ಹಾಕಿದ್ದಾನೆ, ಯಾವ ಕೋಣೆ ಸೋರುತ್ತಿದೆ, ಎಷ್ಟು ಮಕ್ಕಳಿಗೆ ಪುಸ್ತಕ ಸಿಕ್ಕಿಲ್ಲ, ಎಲ್ಲವನ್ನೂ ಪ್ರತಿವಾರ ಅದರ ಮೇಲೆ ಬರೆಸುತ್ತಿದ್ದ. ಓದಲು ಬಾರದವರಿಗಾಗಿ ಸಂತೆಯ ದಿನ ತಾನೇ ಕಟ್ಟೆಯ ಮೇಲೆ ನಿಂತು ಓದಿ ಹೇಳುತ್ತಿದ್ದ. ಏಳನೆಯ ತರಗತಿ ಮತ್ತೆ ತೆರೆಯಿತು. ನೆರೆಯ ಊರಿನವರು ಬಂದು ಆ ಹಲಗೆಯನ್ನು ನೋಡಿ, ನಮಗೂ ಇಂಥ ಅಧ್ಯಕ್ಷ ಬೇಕು ಎಂದು ಹೇಳಿಹೋದರು. ಹಲಗೆಯ ಮೇಲೆ ಇಲ್ಲದ ಸಂಗತಿ ಒಂದೇ ಒಂದು ಇತ್ತು.

ಚಳಿಗಾಲ ಮುಗಿಯುತ್ತ ಬಂದಿತ್ತು. ಸುಗಲಾಗೆ ಜ್ವರ ಬಂತು. ಎಲ್ಲ ಮಕ್ಕಳಿಗೂ ಬರುವ ಜ್ವರ ಎಂದು ಅವಳ ತಾಯಿ, ವ್ಯಾಪಾರಿಯ ಸೊಸೆ, ಕಷಾಯ ಕಾಸಿದಳು. ಹುಡುಗಿ ಬಲಗೈಯ ಒಂದು ಬೆರಳನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಜುಮ್ಮೆನ್ನುತ್ತದೆ ಎಂದಳು. ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಗಾಳಿ ಬೀಸಿದರೆ ಬೆಚ್ಚುತ್ತಿದ್ದಳು. ಮರುದಿನ ಬೆಳಿಗ್ಗೆ ವ್ಯಾಪಾರಿಯೇ ಅವಳ ಹಾಸಿಗೆಯ ಬಳಿ ಕುಳಿತು ಲೋಟದಲ್ಲಿ ನೀರು ಹಿಡಿದ. ಅವಳಿಗೆ ಬಾಯಾರಿತ್ತು. ಲೋಟ ತುಟಿಯ ಹತ್ತಿರ ಬಂದೊಡನೆ ಅವಳ ಕೊರಳು ಬಿಗಿಯಿತು. ಮೈಯೆಲ್ಲ ನಡುಗಿತು. ಲೋಟವನ್ನು ದೂರ ತಳ್ಳಿ ಗೋಡೆಗೆ ಒತ್ತಿಕೊಂಡಳು. ನೀರನ್ನು ನೋಡಿದ ಅವಳ ಕಣ್ಣಿನಲ್ಲಿ ಇದ್ದ ಹೆದರಿಕೆಯನ್ನು ವ್ಯಾಪಾರಿ ನೋಡಿದ.

ಅವನ ಕೈಯಿಂದ ಲೋಟ ಬಿತ್ತು.

ಸೊಸೆಯನ್ನು ಹೊರಗೆ ಕಳಿಸಿದ. ಬಾಗಿಲು ಮುಂದೆ ಮಾಡಿದ. ಮತ್ತೆ ಹಾಸಿಗೆಯ ಬಳಿ ಬಂದು ಕುಳಿತ.

“ಸುಗಲಾ, ಸಾಲ್ಯಾಗಿನ ಆ ನಾಯಿಮರಿ ನಿನಗ ಕಚ್ಚಿತ್ತೇನವ್ವ?”

“ಹೌದಜ್ಜ. ಸ್ವಲ್ಪ. ರೊಟ್ಟಿ ಹಾಕುವಾಗ ಬೆರಳಿಗೆ ಹಲ್ಲು ಬಡೀತು.”

“ಯಾಕ ಹೇಳಲಿಲ್ಲ?”

“ಯಾರ ಮುಂದೂ ಹೇಳಬ್ಯಾಡ್ರಿ ಅಂತ ನೀನ ಹೇಳಿದ್ದಿಯಲ್ಲ” ಎಂದಳು. “ನಾ ಅವ್ವಗೂ ಹೇಳಿಲ್ಲ. ಬೆರಳಿಗೆ ಸೂಜಿ ಚುಚ್ಚೇತಿ ಅಂದೆ.”

ಆ ದನಿಯಲ್ಲಿ ತಪ್ಪು ಮಾಡಿದವಳ ಅಳುಕಿರಲಿಲ್ಲ. ಅಜ್ಜ ತನ್ನನ್ನು ಜಾಣೆ ಎನ್ನಲಿ ಎಂದು ಅವಳು ಕಾಯುತ್ತಿದ್ದಳು.

ವ್ಯಾಪಾರಿ ಅಳಲಿಲ್ಲ, ಕೂಗಲೂ ಇಲ್ಲ. ಅವನಿಗೆ ಏನೂ ಕೇಳಿಸಲಿಲ್ಲ, ಅಂಗಳದಲ್ಲಿ ಲಾರಿಯಿಂದ ಹತ್ತಿ ಇಳಿಸುತ್ತಿದ್ದವರ ಸದ್ದೂ ಕೇಳಿಸಲಿಲ್ಲ. ಹುಡುಗಿಯೇ ಅವನ ತೋಳು ಹಿಡಿದು ಅಲುಗಿಸಿದಳು. ಆಗ ಅವನಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಅದನ್ನು ಕೇಳಲು ಅವನಿಗೆ ಹೆದರಿಕೆಯಾಯಿತು. ಆದರೂ ಕೇಳಿದ. ಬೇರೆ ಯಾರಿಗಾದರೂ ಕಚ್ಚಿದೆಯೇ?

ಸುಗಲಾ ಹಿಂದೆಮುಂದೆ ನೋಡಿದಳು. ಅವರನ್ನು ಬೈಯುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ಆಮೇಲೆ ಕುಂಬಾರರ ಒಬ್ಬ ಹುಡುಗನ ಹೆಸರು ಹೇಳಿದಳು, ಬಡಿಗರ ಒಬ್ಬ ಹುಡುಗಿಯ ಹೆಸರು ಹೇಳಿದಳು. ಇನ್ನೂ ಯಾರೋ ಇದ್ದಾರೆ, ಆದರೆ ನನಗೆ ಗೊತ್ತಿಲ್ಲ ಎಂದಳು. ಅವರೂ ಮನೆಯಲ್ಲಿ ಹೇಳಿಲ್ಲ ಅಜ್ಜ, ಎಲ್ಲರೂ ನಿನ್ನ ಮಾತು ಕೇಳಿದ್ದಾರೆ ಎಂದಳು.

ವ್ಯಾಪಾರಿ ಎದ್ದ. ಮಗನನ್ನು ಕರೆದು, ಹತ್ತಿ ಇಳಿಸುವುದನ್ನು ಬಿಟ್ಟು ಲಾರಿಯನ್ನು ಶಾಲೆಯ ಮುಂದೆ ತಂದು ನಿಲ್ಲಿಸು ಎಂದ. ಯಾಕೆ ಎಂದು ಮಗ ಕೇಳಿದ. ಕಾರಣವನ್ನು ಅವನಿಗೂ ಸೊಸೆಗೂ ಅಲ್ಲಿಯೇ ಹೇಳಿದ. ಸೊಸೆ ಮಾವನ ಮುಖವನ್ನು ನೋಡಿದಳು. ಅವನ ಪಕ್ಕದಿಂದ ಹಾದು ಒಳಗೆ ಹೋಗಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು.

ಅವನು ರುಮಾಲು ಸುತ್ತಿಕೊಳ್ಳದೆ ಬೀದಿಗೆ ಬಂದ. ಆ ಊರಿನಲ್ಲಿ ಅವನನ್ನು ಬರಿತಲೆಯಲ್ಲಿ ಯಾರೂ ನೋಡಿರಲಿಲ್ಲ. ಮೊದಲು ಕುಂಬಾರರ ಓಣಿಗೆ ಹೋದ. ಮತ ಕೇಳಲು ಹೋದ ಮನೆಗಳಿಗೇ ಮತ್ತೆ ಹೋದ. ಜನ ನಗುತ್ತ ಹೊರಗೆ ಬಂದರು. ಒಬ್ಬ ಕಂಬಳಿ ಹಾಸಿದ. ವ್ಯಾಪಾರಿ ಕೂರಲಿಲ್ಲ. ಹೇಳಬೇಕಾದದ್ದನ್ನು ನಿಂತೇ ಹೇಳಿದ. ಶಾಲೆಯಲ್ಲಿ ಸತ್ತ ನಾಯಿಮರಿಗೆ ಹುಚ್ಚು ಹಿಡಿದಿತ್ತು, ಅದು ಮಕ್ಕಳಿಗೆ ಕಚ್ಚಿದೆ, ನನ್ನ ಮೊಮ್ಮಗಳಿಗೆ ರೋಗ ಹತ್ತಿದೆ, ನಿಮ್ಮ ಮಕ್ಕಳನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ನಡೆಯಿರಿ.

ಜನರಿಗೆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಅವನು ಇನ್ನೊಮ್ಮೆ ಹೇಳಿದ. ಆಗ ಆ ಕುಂಬಾರ ಹುಡುಗನ ತಾಯಿ ಮಣ್ಣಿನ ಕೈಯಲ್ಲೇ ಮುಂದೆ ಬಂದಳು.

“ನಿಮಗ ಇದು ಯಾವಾಗ ತಿಳೀತ್ರಿ, ಸಾವಕಾರ್ರ?” ಎಂದು ಕೇಳಿದಳು.

“ಚುನಾವಣೆಗಿಂತ ಮೊದಲ” ಎಂದ ಅವನು.

ಅವಳು ಬೈಯಲಿಲ್ಲ. ಮಗನನ್ನು ಎಳೆದುಕೊಂಡು ಅವನ ಕೈಗಳನ್ನು ತಿರುವಿ ತಿರುವಿ ನೋಡತೊಡಗಿದಳು. ಬೆರಳು ಬೆರಳನ್ನೂ ಬಿಡಿಸಿ ನೋಡಿದಳು. ನೋಡುತ್ತ ನೋಡುತ್ತ ಓಣಿಯ ಎಲ್ಲ ತಾಯಂದಿರೂ ಹಾಗೆಯೇ ಮಾಡಿದರು. ಸುದ್ದಿ ಅವನಿಗಿಂತ ಮುಂದೆ ಓಡಿತು. ಅವನು ಬಡಿಗರ ಓಣಿ ಮುಟ್ಟುವಷ್ಟರಲ್ಲಿ ಅಲ್ಲಿಯೂ ಹಾಗೆಯೇ ನಡೆದಿತ್ತು. ಹಗಲು ಹೊತ್ತಿನಲ್ಲಿ ಇಡೀ ಊರು ಬೀದಿಯಲ್ಲಿ ಕುಳಿತು ತನ್ನ ಮಕ್ಕಳ ಕೈಕಾಲುಗಳನ್ನು ನೋಡುತ್ತಿತ್ತು. ಹಳೆಯ ಗಾಯದ ಕಲೆ ಕಂಡಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಿಸುತ್ತಿತ್ತು. ಮಕ್ಕಳು ಉತ್ತರ ಕೊಡುವ ಮೊದಲು ಅಧ್ಯಕ್ಷನ ಮುಖ ನೋಡುತ್ತಿದ್ದರು.

ಹೇಳಿ ಎಂದು ಅವನು ಪ್ರತಿಯೊಂದು ಮಗುವಿನ ಮುಂದೆ ಕೈಮುಗಿದ.

ಸುಗಲಾ ಹೇಳಿದ ಇಬ್ಬರ ಜೊತೆಗೆ ಇನ್ನೂ ಕೆಲವರು ಸಿಕ್ಕರು. ಲಾರಿ ಅವರನ್ನೂ ಅವರ ತಂದೆತಾಯಿಗಳನ್ನೂ ತುಂಬಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಯಿತು. ಅವರಿಗೆಲ್ಲ ಹೊಟ್ಟೆಯ ಸುತ್ತ ಸೂಜಿ ಹಾಕಿದರು. ಯಾರಿಗೂ ರೋಗ ಇನ್ನೂ ತಲೆಗೆ ಏರಿರಲಿಲ್ಲ. ಅಷ್ಟೂ ಜನ ಬದುಕಿಕೊಂಡರು. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಮೊದಲೇ ಯಾಕೆ ಕರೆತರಲಿಲ್ಲ ಎಂದಷ್ಟೇ ಕೇಳಿದರು.

ಸುಗಲಾಗೆ ಸೂಜಿಯ ಕಾಲ ದಾಟಿಹೋಗಿತ್ತು. ತಾಯಿಯ ತೊಡೆಯ ಮೇಲೆಯೇ ತೀರಿಕೊಂಡಳು.

ಮಣ್ಣಿಗೆ ಊರೆಲ್ಲ ಬಂದಿತ್ತು. ಬಂದವರು ವ್ಯಾಪಾರಿಯ ಮೈಮೇಲೆ ಬೀಳುತ್ತಾರೆ ಎಂದು ಮಗ ಹೆದರಿದ್ದ. ಬಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಯಾರೂ ಬೀಳಲಿಲ್ಲ. ಊರಿಗೆ ಇನ್ನೂ ದಿಗ್ಭ್ರಮೆ ಇಳಿದಿರಲಿಲ್ಲ. ಅವರು ಹಾರ ಹಾಕಿದ್ದು ಇವನಿಗೇ, ಅವರ ಮಾತನ್ನು ನೆಲದ ಮೇಲೆ ಕುಳಿತು ಕೇಳಿದ್ದೂ ಇವನೇ. ಹೆಡ್‌ಮಾಸ್ತರ ಒಂದು ಮೂಲೆಯಲ್ಲಿ ನಿಂತಿದ್ದ. ಅವನ ಕಡೆಗೂ ಯಾರೂ ನೋಡಲಿಲ್ಲ. ಜಮೀನುದಾರನೂ ಬಂದಿದ್ದ. ಅವನಿಗೆ ಹೇಳಲು ಬೇಕಾದಷ್ಟು ಇತ್ತು. ಅವನೂ ಒಂದು ಹಿಡಿ ಮಣ್ಣು ಹಾಕಿ ತಲೆ ತಗ್ಗಿಸಿಕೊಂಡು ಹೋದ.

ವ್ಯಾಪಾರಿ ಅಧ್ಯಕ್ಷ ಸ್ಥಾನವನ್ನು ಬಿಟ್ಟ. ಬಿಡುವ ಮೊದಲು ಕಟ್ಟೆಯ ಮೇಲೆ ನಿಂತು ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದ. ಅಂಗಡಿಯಲ್ಲಿ ಕುಳಿತು ಮಾಡಿದ ಯೋಚನೆಯನ್ನೂ ಹೇಳಿದ, ಪೆಪ್ಪರಮಿಂಟನ್ನೂ ಹೇಳಿದ. ಜನ ಕೇಳಿ ಎದ್ದು ಹೋದರು. ಆಮೇಲೆ ಅವನು ಬಹಳ ವರ್ಷ ಬದುಕಿದ. ಸೊಸೆ ಹೊತ್ತು ಹೊತ್ತಿಗೆ ಅವನ ಮುಂದೆ ತಾಟು ಇಡುತ್ತಿದ್ದಳು. ಅವನು ಸಾಯುವವರೆಗೂ ಅವಳು ಅವನೊಡನೆ ಒಂದು ಮಾತೂ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬಿಳಿಚಿಕೊಂಡಿತ್ತು. ಅವನು ಮೆಲ್ಲಗೆ, ಆ ವ್ಯಾಪಾರಿ ಕೆಟ್ಟವನಾಗಿರಲಿಲ್ಲವಲ್ಲ ಗುರುಗಳೇ ಎಂದ. ಯಾರಿಗೂ ಕಚ್ಚಿಲ್ಲವೆಂದು ಅವನು ನಂಬಿದ್ದ, ಊರಿನ ಹಿತಕ್ಕಾಗಿಯೇ ನಾಲ್ಕು ದಿನ ತಡೆದ ಎಂದ.

ಹೌದು, ಒಳ್ಳೆಯವನೇ ಎಂದು ಗುರುಗಳು ಒಪ್ಪಿದರು. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುತ್ತಿರಲಿಲ್ಲ ಎಂದರು. ಆಮೇಲೆ ಶಿಷ್ಯನ ಕಣ್ಣನ್ನು ನೇರವಾಗಿ ನೋಡಿ ಕೇಳಿದರು:

“ಈಗ ಹೇಳು ತಮ್ಮಾ, ನಿಮ್ಮ ಶಾಲೆಯಲ್ಲಿ ಏನಾಗಿದೆ?”